ಪೊಳ್ಳಾಚಿಯ ಬೆಳ್ಳಿ, ನಮ್ಮ ಮನೆಯ ತುಕ್ಕು

ಪೊಳ್ಳಾಚಿ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ದನದ ಸಂತೆ ಮತ್ತು ತೆಂಗು. ಪಾಲಕ್ಕಾಡಿನಿಂದ ಮೂಡಣಕ್ಕೆ ಹೊರಟು ಘಟ್ಟದ ನಡುವಿನ ಕಂಡಿಯನ್ನು ದಾಟಿದರೆ ಸಿಗುವ ಈ ಊರು ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯದು. ಆ ಸೀಮೆಯ ನೇಕಾರ ದೇವಾಂಗರಲ್ಲೂ ಒಕ್ಕಲಿಗರಲ್ಲೂ ಹಲವರ ಮನೆಮಾತು ಕನ್ನಡ. ಅಂಗಡಿ ಬೀದಿಯಲ್ಲಿ ತಮಿಳು, ಮನೆಯ ಹೊಸ್ತಿಲು ದಾಟಿದರೆ ಕನ್ನಡ. ತಮಿಳಿನ ಜಾಗದಲ್ಲಿ ಮಲಯಾಳವನ್ನಿಟ್ಟರೆ ಇದು ನಮ್ಮದೇ ಕತೆ. ನಮಗೂ ಅವರಿಗೂ ಇನ್ನೊಂದು ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಯಮತ್ತೂರು ಸೀಮೆಯೂ ನಮ್ಮ ಕನ್ನಡ ಜಿಲ್ಲೆಯೂ ಒಟ್ಟಿಗೇ ಮೈಸೂರಿನ ಕೈಯಿಂದ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋದವು.

ಹೊಸದಾಗಿ ಕೈಸೇರಿದ ನಾಡಿನಲ್ಲಿ ಏನೇನಿದೆ ಎಂದು ನೋಡಿಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿದ. ಮೈಸೂರು, ಕೊಯಮತ್ತೂರು, ಮಲಬಾರುಗಳನ್ನು ಸುತ್ತಿ, 1801ರ ಜನವರಿಯಲ್ಲಿ ಚಂದ್ರಗಿರಿ ಹೊಳೆ ದಾಟಿ, ಕುಂಬಳೆ, ಮಂಜೇಶ್ವರಗಳ ದಾರಿಯಾಗಿ ಮಂಗಳೂರಿಗೆ ಹೋದವನು ಈತನೇ. ಅವನು ಪೊಳ್ಳಾಚಿಗೆ ಬಂದಾಗ ಅಲ್ಲಿ ಒಂದು ಸುದ್ದಿ ಇತ್ತು. ನೆಲ ಅಗೆಯುವಾಗ ಒಂದು ಮಡಕೆ ಸಿಕ್ಕಿತ್ತು. ಅದರ ತುಂಬ ಬೆಳ್ಳಿಯ ನಾಣ್ಯ. ಕಂಪೆನಿಯ ಕಲೆಕ್ಟರ್ ಹರ್ಡಿಸ್ ಅವುಗಳಲ್ಲಿ ಕೆಲವನ್ನು ಬುಕಾನನ್‌ಗೆ ಕೊಟ್ಟ. ನೋಡಿದರೆ ಅವು ರೋಮಿನ ನಾಣ್ಯಗಳು! ಒಂದು ಬಗೆ ಅಗಸ್ಟಸ್ ಚಕ್ರವರ್ತಿಯದು, ಇನ್ನೊಂದು ಅವನ ನಂತರ ಪಟ್ಟಕ್ಕೆ ಬಂದ ಟೈಬೀರಿಯಸನದು.

ರೋಮಿನ ಬೆಳ್ಳಿ ಪೊಳ್ಳಾಚಿಗೆ ಬಂದದ್ದು ಹೇಗೆ ಎಂಬುದು ದೊಡ್ಡ ಒಗಟಲ್ಲ. ಪಶ್ಚಿಮ ಕರಾವಳಿಯ ಮುಜಿರಿಸ್ ಬಂದರಿನಲ್ಲಿ ಹಡಗು ಇಳಿದ ವ್ಯಾಪಾರ ಪಾಲಕ್ಕಾಡಿನ ಕಂಡಿಯ ಮೂಲಕವೇ ಕರೂರಿನ ಕಡೆಗೆ ಸಾಗುತ್ತಿತ್ತು. ನಮ್ಮನ್ನು ಬೆರಗುಗೊಳಿಸಬೇಕಾದ ಪ್ರಶ್ನೆ ಬೇರೆಯೇ ಇದೆ. ಸುಮಾರು ಸಾವಿರದ ಎಂಟುನೂರು ವರ್ಷ ಮಣ್ಣಿನಲ್ಲಿದ್ದ ನಾಣ್ಯದ ಮೇಲಿನ ಮುಖವೂ ಅಕ್ಷರವೂ ಯಾರದೆಂದು ಗುರುತು ಹಿಡಿಯುವಷ್ಟು ಹೇಗೆ ಉಳಿದವು? ನಾವು ಕಳೆದ ಮಳೆಗಾಲದಲ್ಲಿ ತೋಟದ ಬದಿಯಲ್ಲಿ ಮರೆತು ಬಂದ ಕತ್ತಿ, ದೀಪಾವಳಿಯ ಹೊತ್ತಿಗೆ ಕೆಂಪು ಹುಡಿ ಉದುರಿಸುತ್ತದೆಯಲ್ಲ? ಗಾಳಿ ಅದೇ, ಮಣ್ಣಿನ ತೇವವೂ ಹೆಚ್ಚುಕಡಿಮೆ ಅದೇ. ಹಾಗಾದರೆ ಭೇದ ಎಲ್ಲಿದೆ?

ಭೇದ ಇರುವುದು ಲೋಹದ ತೊಗಲಿನಲ್ಲಿ.

ಬಾಲ್ದಿಯ ಮೇಲಿನ ಹೂವು

ಲೋಹ ಎಂದರೆ ಒಳಗೆಲ್ಲ ಒಂದೇ ಸಮನಾದ ಮುದ್ದೆ ಎಂದು ನಾವು ತಿಳಿದಿರುತ್ತೇವೆ. ಆದರೆ ಲೋಹವೆಲ್ಲ ಹರಳುಗಳಿಂದಾದದ್ದು, ಕಲ್ಲುಸಕ್ಕರೆಯಂತೆ, ಉಪ್ಪಿನಂತೆ. ಅನುಮಾನವಿದ್ದರೆ ಸತುವಿನ ಲೇಪವಿರುವ ಹಳೆಯ ಬಾಲ್ದಿಯನ್ನು ಬೆಳಕಿಗೆ ಹಿಡಿದು ನೋಡಿ. ಅದರ ಮೈಮೇಲೆ ಹೂವಿನ ಎಸಳಿನಂತೆ, ಜರಿಗಿಡದಂತೆ ಮಿನುಗುವ ತೇಪೆಗಳು ಕಾಣುತ್ತವೆ. ಒಂದೊಂದು ತೇಪೆಯೂ ಸತುವಿನ ಒಂದೊಂದು ಹರಳು. ಕಬ್ಬಿಣ, ತಾಮ್ರ, ಬೆಳ್ಳಿಗಳಲ್ಲೂ ಹೀಗೆಯೇ; ಹರಳು ಸಣ್ಣದಾದ್ದರಿಂದ ಬರಿಗಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಹರಳಿನೊಳಗೆ ಪರಮಾಣುಗಳು ಸಾಲು ಸಾಲಾಗಿ, ಪದರ ಪದರವಾಗಿ ಕೂತಿರುತ್ತವೆ. ಅಂಗಡಿಯಲ್ಲಿ ಕಿತ್ತಳೆ ಹಣ್ಣನ್ನು ಒಂದರ ಮೇಲೊಂದು ಒಟ್ಟಿದ ಹಾಗೆ. ಬೆಳ್ಳಿ, ಬಂಗಾರ, ತಾಮ್ರ, ಅಲ್ಯುಮಿನಿಯಂಗಳಲ್ಲಿ ಒಳಗಿನ ಪ್ರತಿ ಪರಮಾಣುವಿಗೂ ಒತ್ತಿಕೊಂಡ ನೆರೆಯವರು ಹನ್ನೆರಡು. ಹನ್ನೆರಡು ಕಡೆಗೂ ಕೈಕೊಟ್ಟು ಅದು ನೆಮ್ಮದಿಯಾಗಿರುತ್ತದೆ. ಮೇಲ್ಮೈಯಲ್ಲಿರುವ ಪರಮಾಣುವಿಗೆ ಈ ಭಾಗ್ಯವಿಲ್ಲ. ಅದರ ತಲೆಯ ಮೇಲೆ ಯಾರೂ ಇಲ್ಲ. ಹರಳನ್ನು ಯಾವ ಓರೆಯಲ್ಲಿ ಕಡಿದಿದೆ ಎಂಬುದನ್ನು ಅನುಸರಿಸಿ ಅದಕ್ಕೆ ಉಳಿಯುವ ನೆರೆಯವರು ಒಂಬತ್ತು, ಎಂಟು ಅಥವಾ ಏಳು. ಉಳಿದ ಕೈಗಳು ಖಾಲಿ. ಆ ಖಾಲಿ ಕೈಗಳನ್ನು ಹಿಡಿಯಲು ಗಾಳಿಯಲ್ಲಿ ಕಾದುನಿಂತವನೇ ಆಮ್ಲಜನಕ.

ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲೊಂದು ಪಾಲು ಆಮ್ಲಜನಕ. ಆಗತಾನೇ ಉಜ್ಜಿದ ಲೋಹದ ಮೇಲ್ಮೈಯ ಒಂದೊಂದು ಪರಮಾಣುವಿಗೂ ಆಮ್ಲಜನಕ ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ಬಂದು ಬಡಿಯುತ್ತದೆ. ಹೀಗಿರುವಾಗ ಗಾಳಿಯಲ್ಲಿ ಬೋಳು ಕಬ್ಬಿಣ, ಬೋಳು ಅಲ್ಯುಮಿನಿಯಂ ಎಂಬುದನ್ನು ನಾವಾರೂ ಕಂಡದ್ದೇ ಇಲ್ಲ. ಬೋಳು ಲೋಹವನ್ನು ನೋಡಬೇಕೆನ್ನುವ ವಿಜ್ಞಾನಿಗಳು ಹೊರಗಿನ ಗಾಳಿಯ ಒತ್ತಡದ ಹಲವು ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟೇ ಉಳಿಯುವಂತೆ ಉಕ್ಕಿನ ಪಾತ್ರೆಯಿಂದ ಗಾಳಿಯನ್ನೆಲ್ಲ ಹೀರಿ ತೆಗೆಯುತ್ತಾರೆ. ಅಲ್ಲೂ ಅದು ಬೋಳಾಗಿ ಉಳಿಯುವುದು ಕೆಲವು ಗಂಟೆ ಮಾತ್ರ.

ಅವಳಿಗಳ ಅಗಲಿಕೆ

ಆಮ್ಲಜನಕದ ಪರಮಾಣುಗಳು ಗಾಳಿಯಲ್ಲಿ ಒಂಟಿಯಾಗಿ ತಿರುಗುವುದಿಲ್ಲ. ಎರಡೆರಡು ಕೂಡಿಕೊಂಡು ಅವಳಿಗಳಂತೆ ಇರುತ್ತವೆ. ಲೋಹದ ಜೊತೆ ಸೇರಬೇಕಾದರೆ ಮೊದಲು ಈ ಅವಳಿಗಳು ಅಗಲಬೇಕು. ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಮೇಲ್ಮೈಗೆ ಈ ಕೆಲಸ ಸಲೀಸು. ಅವಳಿ ಬಂದು ಕುಳಿತೊಡನೆ ಅದು ಎರಡನ್ನೂ ಬಿಡಿಸಿ, ಪರಮಾಣುಗಳ ನಡುವಿನ ತಗ್ಗುಗಳಲ್ಲಿ ಒಂದೊಂದನ್ನು ಕೂರಿಸಿಬಿಡುತ್ತದೆ.

ಬಂಗಾರಕ್ಕೆ ಅದು ಸಾಧ್ಯವಿಲ್ಲ. ಬಂಗಾರದ ಮೇಲ್ಮೈಗೆ ಬಂದ ಅವಳಿ ತುಸು ಹೊತ್ತು ತಡವರಿಸಿ, ಹಿಡಿತ ಸಿಗದೆ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂದಿರುಗುತ್ತದೆ. ಬಂಗಾರ ಏಕೆ ಇಷ್ಟು ನಿರ್ಲಿಪ್ತ ಎಂಬುದನ್ನು ಡೆನ್ಮಾರ್ಕಿನ ಹ್ಯಾಮರ್ ಮತ್ತು ನೋರ್ಸ್ಕೋವ್ ಎಂಬ ವಿಜ್ಞಾನಿಗಳು 1995ರಲ್ಲಿ ಇಲೆಕ್ಟ್ರಾನುಗಳ ಲೆಕ್ಕ ಹಾಕಿ ವಿವರಿಸಿದರು. ಅಜ್ಜಿಯ ಬಂಗಾರದ ಬಳೆ ಮೊಮ್ಮಗಳ ಕೈಯಲ್ಲೂ ಹಾಗೆಯೇ ಹೊಳೆಯುವುದರ ಗುಟ್ಟು ಇದೇ.

ಬೆಳ್ಳಿ ಇವೆರಡರ ನಡುವಿನದು. ಅದು ಆಮ್ಲಜನಕವನ್ನು ಹಿಡಿಯಬಲ್ಲದು, ಆದರೆ ಬಿಗಿಯಾಗಿ ಅಲ್ಲ. ಬೆಳ್ಳಿಯ ಆಕ್ಸೈಡನ್ನು ಇನ್ನೂರು ಮುನ್ನೂರು ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದು ಆಮ್ಲಜನಕವನ್ನು ಬಿಟ್ಟು ಮತ್ತೆ ಬೆಳ್ಳಿಯೇ ಆಗುತ್ತದೆ. ಕಬ್ಬಿಣದ ತುಕ್ಕಿನಿಂದ ಕಬ್ಬಿಣವನ್ನು ಬಿಡಿಸಬೇಕಾದರೆ ಇದ್ದಿಲು ಹಾಕಿ, ತಿದಿ ಊದಿ, ಕುಲುಮೆಯನ್ನೇ ಹೊತ್ತಿಸಬೇಕು! ಹಾಗಾದರೆ ನಮ್ಮ ಬೆಳ್ಳಿಯ ದೀಪ, ಕಾಲ್ಗೆಜ್ಜೆಗಳು ಕಪ್ಪಾಗುವುದೇಕೆ ಎಂದು ಕೇಳಬಹುದು. ಅದು ಹೆಚ್ಚಾಗಿ ಗಂಧಕದ ಕೆಲಸ. ಗಾಳಿಯಲ್ಲಿ ಅತ್ಯಲ್ಪವಾಗಿ ಬೆರೆತಿರುವ ಗಂಧಕದ ಅನಿಲ ಬೆಳ್ಳಿಯೊಡನೆ ಸೇರಿ ಕಪ್ಪು ಪದರವಾಗುತ್ತದೆ.

ಪೊಳ್ಳಾಚಿಯ ಮಡಕೆಯೊಳಗಿದ್ದ ಬೆಳ್ಳಿ ಉಳಿದದ್ದು ಹೀಗೆ. ಅದೇ ಮಡಕೆಯಲ್ಲಿ ಅದೇ ಕಾಲದ ಕಬ್ಬಿಣದ ಕುಡುಗೋಲು ಇದ್ದಿದ್ದರೆ ಅದರ ಗತಿ ಬೇರೆ. ಈರೋಡು ಜಿಲ್ಲೆಯಲ್ಲಿ ನೊಯ್ಯಲ್ ಹೊಳೆಯ ದಂಡೆಯ ಕೊಡುಮಣಲ್‌ನಲ್ಲಿ ಪ್ರಾಚೀನರು ಕಬ್ಬಿಣ ಕರಗಿಸುತ್ತಿದ್ದ ಒಲೆಗಳ ಕುರುಹು ಅಗೆತದಲ್ಲಿ ಸಿಕ್ಕಿದೆ. ಅಂಥ ನೆಲೆಗಳಲ್ಲಿ ಸಿಗುವ ಕಬ್ಬಿಣದ ವಸ್ತುಗಳು ಸಾಮಾನ್ಯವಾಗಿ ತುಕ್ಕಿನಿಂದ ಊದಿಕೊಂಡಿರುತ್ತವೆ. ಬಾಣವೋ ಮೊಳೆಯೋ ಎಂದು ಹೇಳುವುದೂ ಕಷ್ಟ.

ಕಾಪಾಡುವ ತೊಗಲು, ಉದುರುವ ತೊಗಲು

ಆಮ್ಲಜನಕ ಹಿಡಿದ ಲೋಹವೆಲ್ಲ ಹಾಳಾಯಿತೆಂದು ತಿಳಿಯಬಾರದು. ಕಬ್ಬಿಣಕ್ಕಿಂತ ಅಲ್ಯುಮಿನಿಯಂಗೆ ಆಮ್ಲಜನಕದ ಮೇಲೆ ಆಸೆ ಹೆಚ್ಚು. ಆದರೂ ಅಲ್ಯುಮಿನಿಯಂ ಪಾತ್ರೆ ಗಂಜಿ ಬೇಯಿಸುತ್ತಾ ಇಪ್ಪತ್ತು ವರ್ಷ ಬಾಳುತ್ತದೆ. ಇದರ ಕಾರಣ ಸ್ವಾರಸ್ಯವಾದದ್ದು.

ಮೇಲ್ಮೈಯ ಖಾಲಿ ಕೈಗಳೆಲ್ಲ ತುಂಬಿದ ಮೇಲೆ ಅಲ್ಲಲ್ಲಿ ಆಕ್ಸೈಡಿನ ಸಣ್ಣ ಸಣ್ಣ ದ್ವೀಪಗಳು ಹುಟ್ಟಿ, ಹಬ್ಬಿ, ಒಂದಕ್ಕೊಂದು ಕೂಡಿ ಪೂರಾ ಪದರವಾಗುತ್ತದೆ. ಅಲ್ಲಿಂದ ಮುಂದೆ ಲೋಹಕ್ಕೂ ಗಾಳಿಗೂ ನೇರ ಭೇಟಿ ಇಲ್ಲ. ಲೋಹದ ಪರಮಾಣು ಪದರವನ್ನು ತೂರಿ ಮೇಲೆ ಬರಬೇಕು, ಇಲ್ಲವೆ ಆಮ್ಲಜನಕ ಕೆಳಗೆ ಇಳಿಯಬೇಕು. ಪದರ ತೀರ ತೆಳುವಾಗಿರುವಾಗ ಅದರ ಎರಡು ಬದಿಗಳ ನಡುವೆ ಹುಟ್ಟುವ ವಿದ್ಯುತ್ ಸೆಳೆತ ಈ ಪ್ರಯಾಣಕ್ಕೆ ನೆರವಾಗುತ್ತದೆ. ಪದರ ದಪ್ಪವಾದಂತೆ ಸೆಳೆತ ಕುಗ್ಗುತ್ತದೆ, ಬೆಳವಣಿಗೆ ನಿಂತಂತೆಯೇ ಆಗುತ್ತದೆ. ಇದನ್ನು ಕಬ್ರೇರಾ ಮತ್ತು ಮಾಟ್ ಎಂಬವರು 1949ರಲ್ಲಿ ತೋರಿಸಿಕೊಟ್ಟರು. ಅಲ್ಯುಮಿನಿಯಂನ ಪದರ ನಿಲ್ಲುವುದು ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಎರಡರಿಂದ ನಾಲ್ಕು ಪಾಲಿನಷ್ಟು ದಪ್ಪದಲ್ಲಿ. ಗೀಚಿದರೆ ಕ್ಷಣದಲ್ಲಿ ಗಾಯ ಮಾಯುತ್ತದೆ. ಸ್ಟೀಲ್ ಪಾತ್ರೆಯದೂ ಇದೇ ಉಪಾಯ. ಕಬ್ಬಿಣಕ್ಕೆ ನೂರಕ್ಕೆ ಹತ್ತೂವರೆ ಪಾಲಿಗೂ ಮೇಲ್ಪಟ್ಟು ಕ್ರೋಮಿಯಂ ಬೆರೆಸಿದಾಗ, ಆ ಕ್ರೋಮಿಯಂ ಆಮ್ಲಜನಕದೊಡನೆ ಕೂಡಿ ಬಿಗಿಯಾದ ತೊಗಲು ಹೊದಿಸುತ್ತದೆ.

ಹರಳಿನ ಓರೆಗೆ ತಕ್ಕಂತೆ ಈ ತೊಗಲು ಬೆಳೆಯುವ ವೇಗವೂ ಬೇರೆ ಬೇರೆ. ಅಮೆರಿಕದ ವರ್ಜೀನಿಯ ವಿಶ್ವವಿದ್ಯಾನಿಲಯದ ಗ್ವಾತ್ಮಿ ಎಂಬ ವಿಜ್ಞಾನಿ 1940ರ ಸುಮಾರಿಗೆ ಒಂದೇ ಹರಳಿನಿಂದ ತಾಮ್ರದ ಗುಂಡನ್ನು ಮಾಡಿ, ನುಣುಪುಗೊಳಿಸಿ, ಕಾಯಿಸಿ ಆಮ್ಲಜನಕಕ್ಕೆ ಒಡ್ಡಿದ. ಗುಂಡಿನ ಮೇಲೆ ಬಣ್ಣ ಬಣ್ಣದ ರಂಗೋಲಿ ಮೂಡಿತು! ಲೋಹ ಒಂದೇ, ಶಾಖ ಒಂದೇ, ಗಾಳಿ ಒಂದೇ. ಆದರೆ ಒಂದೊಂದು ದಿಕ್ಕಿನಲ್ಲಿ ಪರಮಾಣುಗಳ ಸಾಲು ಒಂದೊಂದು ಬಗೆ. ಆದ್ದರಿಂದ ಪದರದ ದಪ್ಪ ಒಂದೊಂದು ಬಗೆ. ದಪ್ಪಕ್ಕೆ ತಕ್ಕಂತೆ ಬೆಳಕಿನ ಬಣ್ಣ.

ಈ ಬಣ್ಣದ ವಿದ್ಯೆ ನಮ್ಮ ಹಳ್ಳಿಯ ಕಮ್ಮಾರನಿಗೆ ಹೊಸತೇನಲ್ಲ. ಕತ್ತಿಯನ್ನು ಕಾಯಿಸಿ ನೀರಿಗದ್ದಿ, ಉಜ್ಜಿ, ಮತ್ತೆ ಮೆಲ್ಲಗೆ ಕಾಯಿಸುವಾಗ ಅಂಚಿನಲ್ಲಿ ಮೊದಲು ಒಣಹುಲ್ಲಿನ ಬಣ್ಣ, ಮತ್ತೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ ಮೂಡುತ್ತದೆ. ಒಣಹುಲ್ಲಿನ ಬಣ್ಣ ಬರುವುದು ಸುಮಾರು 220 ಡಿಗ್ರಿಯಲ್ಲಿ, ನೀಲಿ ಬರುವುದು 300ರ ಹತ್ತಿರ. ಕಮ್ಮಾರ ಓದುವುದು ಉಕ್ಕಿನ ಮೇಲೆ ಆಮ್ಲಜನಕ ನೇಯ್ದ ಪದರದ ದಪ್ಪವನ್ನು. ಉಷ್ಣಮಾಪಕವಿಲ್ಲದೆ ಹದ ತಿಳಿಯುವ ಜಾಣ್ಮೆ ಅದು.

ಕಬ್ಬಿಣದ ಕಷ್ಟ

ಹಾಗಾದರೆ ಕಬ್ಬಿಣಕ್ಕೂ ತೊಗಲು ಇದೆಯಲ್ಲ? ಇದೆ. ಒಣಗಾಳಿಯಲ್ಲಿ ಕಬ್ಬಿಣವೂ ತೆಳುವಾದ ಪದರ ಹೊದ್ದು ಸುಮ್ಮನಿರುತ್ತದೆ. ನೀರು ಬಂದಾಗ ಕೆಡುಕು ಶುರು. ಕಬ್ಬಿಣದ ಮೇಲೆ ಒಂದು ಹನಿ ಉಪ್ಪುನೀರು ಬಿದ್ದಿದೆ ಎನ್ನಿ. ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಧಾರಾಳ, ನಡುವಿಗೆ ಕಡಿಮೆ. ಈ ತಾರತಮ್ಯದಿಂದ ಹನಿಯೇ ಒಂದು ಸಣ್ಣ ಬ್ಯಾಟರಿಯಾಗುತ್ತದೆ. ನಡುವಿನ ಕಬ್ಬಿಣ ಕರಗುತ್ತದೆ. ಕರಗಿದ್ದು ಅಂಚಿನ ಕಡೆ ಬಂದು ತುಕ್ಕಾಗಿ ಉಂಗುರದಂತೆ ಕೂರುತ್ತದೆ. ಕೇಂಬ್ರಿಜ್‌ನ ಇವಾನ್ಸ್ 1920ರ ದಶಕದಲ್ಲಿ ಮಾಡಿ ತೋರಿಸಿದ ಪ್ರಯೋಗ ಇದು. ಸವೆತ ಒಂದು ಕಡೆ, ತುಕ್ಕು ಇನ್ನೊಂದು ಕಡೆ! ಗಾಯದ ಮೇಲೆ ಬೀಳದ ಬಟ್ಟೆ ಗಾಯವನ್ನು ಮುಚ್ಚೀತು ಹೇಗೆ?

ಇನ್ನೊಂದು ತೊಂದರೆ ಗಾತ್ರದ್ದು. ಒಂದು ಅಳತೆ ಅಲ್ಯುಮಿನಿಯಂ ಆಕ್ಸೈಡಾದಾಗ ಒಂದೂಕಾಲಕ್ಕಿಂತ ತುಸು ಹೆಚ್ಚಾಗುತ್ತದೆ. ಅಳತೆಗೆ ಹೊಲಿಸಿದ ಅಂಗಿಯಂತೆ ಬಿಗಿಯಾಗಿ ಕೂರುತ್ತದೆ. ಕಬ್ಬಿಣದ ತುಕ್ಕು ಎರಡು ಪಟ್ಟಿಗೂ ಮೀರಿ ಉಬ್ಬಿ, ಬಿರಿದು, ಹಕ್ಕಳೆಯಾಗಿ ಉದುರುತ್ತದೆ. ಪಿಲ್ಲಿಂಗ್ ಮತ್ತು ಬೆಡ್‌ವರ್ತ್ ಎಂಬವರು 1923ರಲ್ಲಿ ಲೋಹ ಲೋಹಕ್ಕೂ ಈ ಅಳತೆಯ ಪಟ್ಟಿ ಮಾಡಿದರು. ತಾರಸಿ ಮನೆಯ ಅಡಿಯಲ್ಲಿ ಗಾರೆ ಬಿರಿದು ಕಂಬಿ ಕಾಣುವುದು ಈ ಉಬ್ಬಿನಿಂದಲೇ.

ನಾವು ಕಡಲಂಚಿನವರು ಇಲ್ಲಿ ಎಚ್ಚರವಾಗಿರಬೇಕು. ಪೊಳ್ಳಾಚಿಗೆ ಕಂಡಿಯ ಮೂಲಕ ಮಳೆಗಾಳಿ ಬಂದರೂ ಕಡಲ ಉಪ್ಪು ಅಷ್ಟು ದೂರ ಬರುವುದಿಲ್ಲ. ಅದರ ಬಹುಪಾಲು ಕರಾವಳಿಯ ಕೆಲವೇ ಮೈಲಿಗಳೊಳಗೆ ಇಳಿದುಬಿಡುತ್ತದೆ, ಎಂದರೆ ನಮ್ಮ ಮಾಡಿನ ಮೇಲೆ. ಉಪ್ಪು ತೊಗಲನ್ನು ತೂತು ಮಾಡುತ್ತದೆ, ತೇವವನ್ನು ಹಿಡಿದಿಡುತ್ತದೆ. ತೊಳೆಯದ ಕಡಲ ಮರಳಿನಿಂದ ಕಾಂಕ್ರೀಟು ಹಾಕಬಾರದೆನ್ನುವುದು ಇದಕ್ಕಾಗಿ.

ಹಾಗೆಂದು ಮಳೆನಾಡಿನಲ್ಲಿ ಕಬ್ಬಿಣ ಬಾಳುವುದೇ ಇಲ್ಲವೆಂದಲ್ಲ. ಕೊಲ್ಲೂರಿಗೆ ಹೋದವರು ಕೊಡಚಾದ್ರಿ ಹತ್ತಿದ್ದರೆ ಮೂಲಮೂಕಾಂಬಿಕೆಯ ಗುಡಿಯೆದುರಿನ ಕಬ್ಬಿಣದ ಕಂಬವನ್ನು ನೋಡಿರಬಹುದು. ಅಷ್ಟು ಮಳೆಯಲ್ಲಿ ನಿಂತೂ ಅದು ಕಂದು ಪದರವನ್ನು ಹೊದ್ದು ಗಟ್ಟಿಯಾಗಿದೆ. ಹಿಂದಿನವರು ಇದ್ದಿಲಿನ ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ ಕಬ್ಬಿಣವದು. ಇದಕ್ಕಿಂತ ಹೆಸರಾದ ದಿಲ್ಲಿಯ ಕಂಬವನ್ನು ಕಾನ್ಪುರದ ಐ.ಐ.ಟಿ.ಯ ಆರ್. ಬಾಲಸುಬ್ರಹ್ಮಣ್ಯಂ ಆಳವಾಗಿ ಪರೀಕ್ಷಿಸಿ 2000ದಲ್ಲಿ ಕಾರಣ ತಿಳಿಸಿದರು. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು; ಸುಮಾರು ನಾಲ್ಕುನೂರರಲ್ಲಿ ಒಂದು ಪಾಲು. ಮಳೆ ಬಿಸಿಲುಗಳ ಸರದಿಯಲ್ಲಿ ಆ ರಂಜಕ ಕಬ್ಬಿಣ ಮತ್ತು ಆಮ್ಲಜನಕಗಳೊಡನೆ ಕೂಡಿ ಒಳಪದರದಲ್ಲಿ ಬಿಗಿಯಾದ ತೊಗಲನ್ನು ಕಟ್ಟಿದೆ. ಆ ತೊಗಲನ್ನು ಯಾರಾದರೂ ಚೆಂದ ಕಾಣಲೆಂದು ಉಜ್ಜಿ ತೆಗೆದರೆ, ಸಾವಿರದ ಆರುನೂರು ವರ್ಷಗಳ ರಕ್ಷೆಯನ್ನೇ ತೆಗೆದಂತೆ.

ಹುಣಸೆಹುಳಿಗೆ ಮುನ್ನ

ಇಷ್ಟೆಲ್ಲ ಹೇಳಿದ್ದು ಈ ಕೊನೆಯ ಮಾತಿಗಾಗಿ. ನಮ್ಮ ಮನೆಗಳಲ್ಲಿ ಹಬ್ಬಕ್ಕೆ ಮುನ್ನ ತಾಮ್ರ, ಹಿತ್ತಾಳೆಗಳನ್ನು ಹುಣಸೆಹುಳಿ ಹಾಕಿ ಬೆಳಗುವುದು ವಾಡಿಕೆ. ಹುಳಿ ಆಕ್ಸೈಡನ್ನು ಕರಗಿಸುತ್ತದೆ, ಪಾತ್ರೆ ಹೊಳೆಯುತ್ತದೆ. ದಿನಬಳಕೆಯ ತಂಬಿಗೆ, ಹಂಡೆಗಳಿಗೆ ಅಡ್ಡಿಯಿಲ್ಲ. ಕತ್ತಿ, ಹಾರೆಗಳನ್ನು ಒರಸಿ ಒಣಗಿಸಿ ತೆಂಗಿನೆಣ್ಣೆ ಸವರಿಟ್ಟರೆ ನೀರಿಗೂ ಗಾಳಿಗೂ ತಡೆಯಾಗುತ್ತದೆ. ಕಪ್ಪಾದ ಬೆಳ್ಳಿಯ ಲೋಟ, ಬಟ್ಟಲುಗಳನ್ನು ಅಲ್ಯುಮಿನಿಯಂ ಹಾಳೆಯ ಮೇಲಿಟ್ಟು ಅಡುಗೆ ಸೋಡ ಬೆರೆಸಿದ ಬಿಸಿನೀರು ಹೊಯ್ದರೆ, ಗಂಧಕ ಬೆಳ್ಳಿಯನ್ನು ಬಿಟ್ಟು ಹೋಗುತ್ತದೆ. ಬೂದಿಯಲ್ಲಿ ಉಜ್ಜಿ ಸವೆಸಬೇಕಾಗಿಲ್ಲ.

ಆದರೆ ಹಳೆಯ ನಾಣ್ಯ, ತಾಮ್ರಪಟ, ಅಕ್ಷರ ಕೆತ್ತಿದ ಗಂಟೆ, ದೀಪ, ಮುದ್ರೆಯುಂಗುರಗಳ ವಿಷಯ ಬೇರೆ. ಕೆತ್ತಿದ ಅಕ್ಷರ ಇರುವುದು ಲೋಹದ ಹೊರಮೈಯಲ್ಲಿ. ಶತಮಾನಗಳಲ್ಲಿ ಆ ಮೈಯ ಒಂದಂಶ ಆಕ್ಸೈಡಾಗಿ, ಕಿಲುಬಾಗಿ ಮಾರ್ಪಟ್ಟಿರುತ್ತದೆ. ಅಕ್ಷರದ ಅಂಚು ಎಷ್ಟೋ ಸಲ ಆ ಕಿಲುಬಿನಲ್ಲೇ ಉಳಿದಿರುತ್ತದೆ. ಒಂದು ಬಾರಿ ಹುಳಿ ಹಾಕಿ ತಿಕ್ಕಿದರೆ ತಾಮ್ರ ಹೊಳೆಯುತ್ತದೆ, ಬರಹ ಹೋಗುತ್ತದೆ. ಹೋದದ್ದನ್ನು ಯಾವ ವಿಜ್ಞಾನಿಯೂ ಮರಳಿ ತರಲಾರ. ಬೀಡು, ಗುತ್ತು, ಮಠ, ದೇವಸ್ಥಾನಗಳ ಪೆಟ್ಟಿಗೆಗಳಲ್ಲಿ ಇಂಥವು ಇದ್ದರೆ ಮುಟ್ಟಿ ಬೆಳಗದೆ, ಒಣಬಟ್ಟೆಯಲ್ಲಿ ಸುತ್ತಿ, ತೇವ ತಾಗದ ಕಡೆ ಇಡಿ, ಫೋಟೋ ತೆಗೆಸಿಡಿ, ಓದಬಲ್ಲವರಿಗೆ ತೋರಿಸಿ. ನೆಲ ಅಗೆಯುವಾಗ ಏನಾದರೂ ನಿಧಿ ಸಿಕ್ಕಿದರೆ ನಿಕ್ಷೇಪ ಕಾಯಿದೆಯಂತೆ ಕಲೆಕ್ಟರರಿಗೆ ತಿಳಿಸಬೇಕೆಂಬುದೂ ನೆನಪಿರಲಿ.

ಇದು ಪೊಳ್ಳಾಚಿಯ ಕನ್ನಡ ಮನೆಗಳಿಗೂ ನಮ್ಮ ಮನೆಗಳಿಗೂ ಒಂದೇ ಮಾತು. ಬಹುಜನರ ಭಾಷೆ ಬೇರೆಯಾಗಿರುವ ಊರಿನಲ್ಲಿ, ಅಜ್ಜಂದಿರು ಇಂಥ ಕಡೆಯಿಂದ ಬಂದರು, ಇಂಥ ಲಿಪಿಯಲ್ಲಿ ಬರೆದರು ಎಂಬುದಕ್ಕೆ ಒಮ್ಮೊಮ್ಮೆ ಉಳಿದಿರುವುದು ಒಂದು ಗಂಟೆಯ ಅಂಚಿನ ನಾಲ್ಕು ಅಕ್ಷರ ಮಾತ್ರ. 1800ರಲ್ಲಿ ಆ ಮಡಕೆಯನ್ನು ಕಂಡವರು ನಾಣ್ಯಗಳನ್ನು ಕರಗಿಸಿ ಕಾಲ್ಗಡಗ ಮಾಡಿಸಿದ್ದರೆ, ಪೊಳ್ಳಾಚಿಗೂ ರೋಮಿಗೂ ಇದ್ದ ನಂಟಿಗೆ ಆ ಸಾಕ್ಷಿ ಸಿಗುತ್ತಿರಲಿಲ್ಲ.

ಈ ಬಾರಿ ಹಬ್ಬಕ್ಕೆ ಪಾತ್ರೆ ಬೆಳಗುವಾಗ ಹಳೆಯ ಗಂಟೆಯನ್ನೊಮ್ಮೆ ಬೆಳಕಿಗೆ ಹಿಡಿದು ಅದರ ಸುತ್ತ ಕಣ್ಣಾಡಿಸಿ. ಅಕ್ಷರ ಕಂಡರೆ ಹುಣಸೆಹುಳಿಯನ್ನು ಬದಿಗಿಡಿ.